‘ಗೆಟ್’ ಗೊತ್ತಾಗಬೇಕಾ? ಅದರ ಮುಂದಿನ ಪದ ನೋಡಿ

ಬೈಕ್ ಕೆಟ್ಟಿತ್ತು. ದಾವಣಗೆರೆಯಲ್ಲೇ ಮನೆ ಹತ್ತಿರದ ಮೆಕ್ಯಾನಿಕ್ ಕೈಲಿ ಸರಿ ಮಾಡಿಸಿಕೊಂಡು ಆಫೀಸಿಗೆ ಹೋಗುವಷ್ಟರಲ್ಲಿ ಒಂದು ಗಂಟೆ ತಡ. ಹೊರಗಿನಿಂದ ಬಂದಿದ್ದ ಮ್ಯಾನೇಜರ್ ಯಾಕೆ ಅಂತ ಕೇಳಿದರು. ‘ಐ ರಿಪೇರ್ಡ್ ಮೈ ಬೈಕ್ ಸರ್’ ಅಂದೆ. ಅವರು ನನ್ನ ಇಸ್ತ್ರಿ ಅಂಗಿ ನೋಡಿ, ‘ಓ, ಮೆಕ್ಯಾನಿಕ್ ಕೆಲಸಾನೂ ಬರುತ್ತಾ ನಿಮಗೆ?’ ಅಂದರು. ಎಲ್ಲರೂ ನಕ್ಕರು. ನನಗೆ ಆವತ್ತು ಬೇಕಾಗಿದ್ದದ್ದು ಒಂದೇ ಒಂದು ಪುಟ್ಟ ಪದ: ಗೆಟ್.

ಡಿಕ್ಷನರಿ ತೆಗೆದರೆ ಇದಕ್ಕೆ ಪುಟಗಟ್ಟಲೆ ಅರ್ಥ. ಬಾಯಿಪಾಠ ಮಾಡಲು ಕೂತರೆ ತಲೆ ಕೆಡುತ್ತದೆ. ಸುಲಭದ ದಾರಿ ಅಂದರೆ, ‘ಗೆಟ್’ ಮುಂದೆ ಯಾವ ಪದ ಕೂತಿದೆ ಅಂತ ನೋಡುವುದು.

ಮೊದಲನೆಯದು: ಮುಂದೆ ವಸ್ತು ಇದ್ದರೆ

ಆಗ ‘ಗೆಟ್’ ಅಂದರೆ ಸಿಗುವುದು, ಪಡೆಯುವುದು, ಇಲ್ಲವೇ ತರುವುದು. ಆಗಿಹೋದದ್ದಕ್ಕೆ ‘ಗೆಟ್’ ಹೋಗಿ ‘ಗಾಟ್’ ಬರುತ್ತದೆ: ‘ಐ ಗಾಟ್ ಎ ಸೀಟ್’ ಅಂದರೆ ನನಗೆ ಸೀಟು ಸಿಕ್ಕಿತು. ‘ಗೆಟ್ ಮಿ ಸಮ್ ಮಂಡಕ್ಕಿ’ ಅಂದರೆ ನನಗೊಂದಿಷ್ಟು ಮಂಡಕ್ಕಿ ತಂದುಕೊಡು. ಇಲ್ಲೊಂದು ಕಿವಿಮಾತು. ಕನ್ನಡದಲ್ಲಿ ಮಾತು ‘ನನಗೆ’ ಅಂತ ಶುರುವಾಗಿ ಸಿಕ್ಕಿತು, ಬಂತು, ಆಯ್ತು ಅಂತ ಮುಗಿದರೆ ಇಂಗ್ಲಿಷಿನಲ್ಲಿ ಬಹಳ ಸಲ ‘ಐ ಗಾಟ್’ ಸರಿಹೋಗುತ್ತದೆ. ನನಗೆ ಕೆಲಸ ಸಿಕ್ಕಿತು, ‘ಐ ಗಾಟ್ ಎ ಜಾಬ್’. ನನಗೆ ಸಿಟ್ಟು ಬಂತು, ‘ಐ ಗಾಟ್ ಆಂಗ್ರಿ’. ನನಗೆ ಅರ್ಥ ಆಯ್ತು, ‘ಐ ಗಾಟ್ ಇಟ್’. ‘ನನಗೆ’ ಅಂತಿದೆ ಎಂದು ‘ಮಿ’ ಇಂದ ಶುರು ಮಾಡಬೇಡಿ.

ಎರಡನೆಯದು: ಮುಂದೆ ಗುಣ ಇದ್ದರೆ

ಬಿಸಿ, ತಣ್ಣಗೆ, ಸುಸ್ತು ಇಂಥವು ಬಂದರೆ ‘ಗೆಟ್’ ಅಂದರೆ ನಮ್ಮ ‘ಆಗು’. ಬೆಣ್ಣೆ ದೋಸೆ ಮುಂದಿಟ್ಟುಕೊಂಡು ಮೊಬೈಲ್ ನೋಡುತ್ತಾ ಕೂತರೆ ‘ದ ದೋಸಾ ಗೆಟ್ಸ್ ಕೋಲ್ಡ್’, ತಣ್ಣಗಾಗುತ್ತದೆ. ‘ಈಸ್ ಕೋಲ್ಡ್’ ಅಂದರೆ ಆಗಲೇ ತಣ್ಣಗಿದೆ ಅಂತ. ಬೆಣ್ಣೆ ದೋಸೆಗೆ ಎರಡೂ ಅವಮಾನ, ಅಲ್ವಾ?

ಮೂರನೆಯದು: ಮುಂದೆ ಜಾಗ ಇದ್ದರೆ

ತಲುಪುವುದು ಅಂತ ಅರ್ಥ. ‘ವಿ ಗೆಟ್ ಟು ಚಿತ್ರದುರ್ಗ ಅಟ್ ಟೆನ್’. ಊರಿನ ಹೆಸರಿನ ಹಿಂದೆ ‘ಟು’ ಬೇಕು. ‘ಹೋಮ್’ಗೆ ಬೇಡ. ‘ಐ ಗಾಟ್ ಹೋಮ್ ಲೇಟ್’ ಅಷ್ಟೇ.

ನಾಲ್ಕನೆಯದು: ನನ್ನ ಬೈಕ್ ಕಥೆ

ಇಲ್ಲೇ ನಾವು ಜಾಸ್ತಿ ಎಡವುವುದು. ಕನ್ನಡದಲ್ಲಿ ಒಂದು ‘ಇಸು’ ಸೇರಿಸಿದರೆ ಕೆಲಸ ಬೇರೆಯವರ ಕೈಗೆ ಹೋಗುತ್ತದೆ. ಹೊಲಿದೆ ಅಂದರೆ ನಾನೇ, ಹೊಲಿಸಿದೆ ಅಂದರೆ ಟೈಲರ್. ಇಂಗ್ಲಿಷಿನ ಕ್ರಿಯಾಪದಕ್ಕೆ ಹಾಗೆ ಬಾಲ ಅಂಟಿಸಲು ಬರುವುದಿಲ್ಲ. ಆ ಕೆಲಸವನ್ನು ‘ಗೆಟ್’ ಮಾಡುತ್ತದೆ. ಮೊದಲು ‘ಗಾಟ್’, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ (ಡು, ಡಿಡ್, ಡನ್ ಅನ್ನುವಾಗಿನ ‘ಡನ್’ ಥರ). ‘ಐ ಗಾಟ್ ಮೈ ಬೈಕ್ ರಿಪೇರ್ಡ್’. ‘ಐ ಗಾಟ್ ಮೈ ಬ್ಲೌಸ್ ಸ್ಟಿಚ್ಡ್’. ‘ಐ ಗಾಟ್ ಮೈ ಹೇರ್ ಕಟ್’. ‘ಐ ಕಟ್ ಮೈ ಹೇರ್’ ಅಂದರೆ ಕನ್ನಡಿ ಮುಂದೆ ನಿಂತು ನೀವೇ ಕತ್ತರಿ ಆಡಿಸಿದಿರಿ ಅಂತ.

ಯಾರ ಕೈಲಿ ಮಾಡಿಸಿದಿರಿ ಅಂತಲೂ ಹೇಳಬೇಕಾ? ಆಗ ಆ ಮನುಷ್ಯನನ್ನು ‘ಗಾಟ್’ ಪಕ್ಕ ಕೂರಿಸಿ, ಆಮೇಲೆ ‘ಟು’ ಹಾಕಿ. ‘ಐ ಗಾಟ್ ದ ಮೆಕ್ಯಾನಿಕ್ ಟು ರಿಪೇರ್ ಮೈ ಬೈಕ್’. ಕನ್ನಡದಲ್ಲಿ ‘ಕೈಲಿ’ ಬಂದರೆ ಇಂಗ್ಲಿಷಿನಲ್ಲಿ ‘ಟು’ ಬರುತ್ತದೆ ಅಂತ ನೆನಪಿಟ್ಟುಕೊಳ್ಳಿ.

ಈಗ ಚಿತ್ರದುರ್ಗದ ಕೋಟೆಗೆ ಬನ್ನಿ

ಓಬವ್ವನ ಕಥೆ ಎಲ್ಲರಿಗೂ ಗೊತ್ತು. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ. ಅವಳು ನೀರು ತರಲು ಹೋದಳು: ‘ಶಿ ವೆಂಟ್ ಟು ಗೆಟ್ ವಾಟರ್’. ಹೈದರಾಲಿಯ ಸೈನಿಕರು ಕಿಂಡಿಯಿಂದ ಒಬ್ಬೊಬ್ಬರಾಗಿ ಒಳಗೆ ನುಸುಳುತ್ತಿದ್ದರು: ‘ದೇ ವರ್ ಗೆಟಿಂಗ್ ಇನ್’. ಒನಕೆ ಏಟಿಗೆ ಸತ್ತರು: ‘ದೇ ಗಾಟ್ ಕಿಲ್ಡ್’. ಒಂದೇ ಕಥೆ, ಮೂರು ‘ಗೆಟ್’. ಕೊನೆಯದು ಹೊಸದು. ಕಿಲ್ಡ್, ಕಾಟ್ ಇಂಥ ಪದ ‘ಗಾಟ್’ಗೆ ಅಂಟಿಕೊಂಡೇ ಬಂದು, ನಡುವೆ ಯಾವ ವಸ್ತುವೂ ಇಲ್ಲದಿದ್ದರೆ, ಏಟು ತಿಂದವರು ವಾಕ್ಯದ ಶುರುವಿನಲ್ಲಿದ್ದವರೇ.

ಇನ್ನು ‘ಗಾಟನ್’. ಅಮೆರಿಕದವರು ಮೂರನೇ ರೂಪವಾಗಿ ಇದನ್ನು ಬಳಸುತ್ತಾರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ‘ಗಾಟ್’. ಎರಡೂ ಸರಿ.

ಬಸ್ಸಿನಿಂದ ಇಳಿಯುವುದಕ್ಕೆ ನಾವು ‘ಗೆಟ್ ಡೌನ್’ ಅನ್ನುತ್ತೇವೆ. ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರಗಿನವರು ಬಸ್ಸಿಗೆ ‘ಗೆಟ್ ಆಫ್’ ಅನ್ನುತ್ತಾರೆ, ಆಟೋ, ಕಾರಿಗೆ ‘ಗೆಟ್ ಔಟ್ ಆಫ್’. ಆಟೋದಲ್ಲಿ ಜೊತೆಗೆ ಕೂತವರಿಗೆ ಇದನ್ನು ಹೇಳುವಾಗ ಮಾತ್ರ ವಾಕ್ಯ ಪೂರ್ತಿ ಮಾಡಿ. ‘ಗೆಟ್ ಔಟ್’ ಅಂತ ಅರ್ಧಕ್ಕೇ ನಿಲ್ಲಿಸಿದರೆ ಜಗಳ ಗ್ಯಾರಂಟಿ.