ಸ್ವಿಫ್ಟನ್ನು ಇಳಿಸಿದ್ದೂ ನಾನೇ, ಮತ್ತೆ ಎತ್ತಿಸಿದ್ದೂ ನಾನೇ

ನಮ್ಮ ಚಿಕ್ಕಪ್ಪನ ಮಗ ಹೋದ ತಿಂಗಳು ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡ. ವಾರ ಕಳೆದಿರಲಿಲ್ಲ, ಫೋನ್ ಬಂತು. "ಅಣ್ಣ, ಸ್ಪ್ರಿಂಗ್ ಕಟ್ ಮಾಡ್ಸಿ ಗಾಡೀನ ಮೂವತ್ತು ಎಂಎಂ ಇಳ್ಸೋಣ ಅಂತಿದೀನಿ. ಲೀಗಲ್ಲಾಗಿ ಎಷ್ಟು ಇಳಿಸ್ಬೋದು?"

2016ರಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. "ಆರ್‌ಸಿಯಲ್ಲಿ ಗ್ರೌಂಡ್ ಕ್ಲಿಯರೆನ್ಸ್ ಬರೆದಿರಲ್ಲ ಸಾರ್, ಎಷ್ಟು ಬೇಕಾದ್ರೂ ಇಳಿಸ್ಕೊಳ್ಳಿ" ಎಂದು ಒಬ್ಬರು ಹೇಳಿದ್ದರು. ಗ್ರೌಂಡ್ ಕ್ಲಿಯರೆನ್ಸ್ ಅಂದರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ. ಆರ್‌ಸಿ ತೆಗೆದು ನೋಡಿದೆ. ನಿಜವಾಗಿಯೂ ಬರೆದಿರಲಿಲ್ಲ. ಅಷ್ಟಕ್ಕೇ ನಂಬಿಬಿಟ್ಟೆ. ಆಮೇಲೆ ಏನೇನಾಯಿತು ಅನ್ನುವುದನ್ನು ಅವನಿಗೆ ಫೋನಿನಲ್ಲಿ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು 2009ರ ಸ್ವಿಫ್ಟ್ ವಿಎಕ್ಸ್‌ಐ, 1.3 ಪೆಟ್ರೋಲ್. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ನನಗೆ ಕೆಲಸ ಮೈಸೂರಿನಲ್ಲಿ, ಮನೆ ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿ. ಗಾಡಿ ನನಗೆ ತುಂಬಾ ಇಷ್ಟ. ಆದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಹೋಗುವಷ್ಟು ಜಾಗ ಇತ್ತು. ಅದನ್ನು ನೋಡಿದಾಗಲೆಲ್ಲ ಗಾಡಿ ತುದಿಗಾಲಲ್ಲಿ ನಿಂತ ಹಾಗೆ ಕಾಣುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಗ್ರೈಂಡರ್ ಹಿಡಿದು ನಾಲ್ಕೂ ಸ್ಪ್ರಿಂಗಿನ ಒಂದೂವರೆ ಸುತ್ತು ಕತ್ತರಿಸಿದರು. ಅರ್ಧ ದಿನದ ಕೆಲಸ. ಗಾಡಿ 45 ಮಿ.ಮೀ ಇಳಿಯಿತು. ಒಂದು ಬೆರಳು ಕಷ್ಟಪಟ್ಟು ಹೋಗುತ್ತಿತ್ತು. ಮೈಸೂರಿನ ರಿಂಗ್ ರೋಡಿನಲ್ಲಿ ಓಡಿಸಿದಾಗ ತಿರುವಿನಲ್ಲಿ ವಾಲುವುದು ಕಡಿಮೆ ಆಗಿತ್ತು. ಖುಷಿಯಾಗಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

ಆ ಖುಷಿ ಊರಿನ ಹಂಪ್‌ವರೆಗೆ ಮಾತ್ರ.

ಹಂಪ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಲೆಕ್ಕ ಹಾಕಿ ನೋಡುವವರು ಕಡಿಮೆ. ರಸ್ತೆಗಳಿಗೆ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರು ಹಂಪ್‌ಗೆ ಒಂದು ಅಳತೆ ಕೊಟ್ಟಿದ್ದಾರೆ. ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ ಎತ್ತರ, 17 ಮೀಟರ್ ತ್ರಿಜ್ಯದ ವೃತ್ತದ ಒಂದು ಸೀಳಿನ ಹಾಗೆ ನಯವಾದ ಉಬ್ಬು. ಗಂಟೆಗೆ 25 ಕಿ.ಮೀ ವೇಗದಲ್ಲಿ ದಾಟಲಿಕ್ಕೆ ಮಾಡಿದ್ದು ಅದು. ನನ್ನ ಸ್ವಿಫ್ಟಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ 2.39 ಮೀಟರ್. ಅಂದರೆ ಆ ಹಂಪಿನ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ಹತ್ತಿ ನಿಲ್ಲುತ್ತವೆ. ಆಗ ಗಾಡಿಯ ಹೊಟ್ಟೆಯ ಕಡೆಗೆ ಎದ್ದು ಬರುವ ಉಬ್ಬು ಸುಮಾರು 42 ಮಿ.ಮೀ ಮಾತ್ರ. ಇಳಿಸಿದ ಗಾಡಿಯೂ ಸಲೀಸಾಗಿ ದಾಟುತ್ತದೆ.

ಆದರೆ ನಮ್ಮ ಹಳ್ಳಿ ದಾರಿಯಲ್ಲಿ ಅಂಥ ಹಂಪ್ ಎಲ್ಲಿದೆ? ಗುಡಿ ಮುಂದೆ ಒಂದು, ಸ್ಕೂಲ್ ಮುಂದೆ ಎರಡು, ಯಾರದೋ ಮನೆ ಮುಂದೆ ಇನ್ನೊಂದು. ಎಲ್ಲವೂ ಒಂದಡಿ, ಒಂದೂವರೆ ಅಡಿ ಅಗಲದ ಕಿರಿದಾದ ದಿಬ್ಬಗಳು. ಮುಂದಿನ ಚಕ್ರ ದಾಟಿ ಕೆಳಗಿಳಿದ ಮೇಲೆ ಇಡೀ ದಿಬ್ಬ ಹೊಟ್ಟೆಯ ಕೆಳಗೇ ಇರುತ್ತದೆ. ಆಗ ಅದರ ಪೂರ್ತಿ ಎತ್ತರ ಲೆಕ್ಕಕ್ಕೆ ಬರುತ್ತದೆ. ನಮ್ಮೂರ ಗುಡಿ ಮುಂದಿನದನ್ನು ಟೇಪ್ ಹಿಡಿದು ಅಳೆದೆ, 14 ಸೆಂ.ಮೀ ಇತ್ತು. ನನ್ನ ಗಾಡಿ ಖಾಲಿ ಇದ್ದಾಗ 125 ಮಿ.ಮೀ. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆ ಹಾಕಿದರೆ 95. ಇನ್ನು ಹೇಳುವುದು ಏನಿದೆ? ಅವ್ವನನ್ನು ಪ್ರತಿ ಸಲ ಅಲ್ಲಿ ಇಳಿಸಿ, ಗಾಡಿಯನ್ನು ಓರೆಯಾಗಿ ದಾಟಿಸಿ, ಮತ್ತೆ ಹತ್ತಿಸಿಕೊಳ್ಳುತ್ತಿದ್ದೆ. ಮಂಡಿ ನೋವಿರುವ ಹೆಂಗಸು. ಒಂದು ದಿನವೂ ಏನೂ ಅನ್ನಲಿಲ್ಲ. ಈಗ ನೆನೆಸಿಕೊಂಡರೆ ಅದೇ ಜಾಸ್ತಿ ಬೇಜಾರು.

ಒಳಗೆ ಆಗುತ್ತಿದ್ದ ಹಾನಿ ಮಾತ್ರ ತಡವಾಗಿ ಗೊತ್ತಾಯಿತು. ಸ್ಪ್ರಿಂಗ್ ಕತ್ತರಿಸಿದರೆ ಅದು ಬರೀ ಗಿಡ್ಡ ಆಗುವುದಿಲ್ಲ, ಗಟ್ಟಿಯೂ ಆಗುತ್ತದೆ. ಕೆಲಸ ಮಾಡುವ ಸುತ್ತು ಆರು ಇದ್ದದ್ದು ನಾಲ್ಕೂವರೆ ಆಯಿತು ಅಂದುಕೊಳ್ಳಿ. ಮೊದಲಿಗಿಂತ ಮೂರನೇ ಒಂದು ಭಾಗ ಜಾಸ್ತಿ ಬಿಗಿ. ಆದರೂ ಗುಂಡಿಗೆ ಬಿದ್ದಾಗ ಕೆಳಗೆ ಹೋಗಲು ಜಾಗವೇ ಇಲ್ಲವಲ್ಲ, ಶಾಕ್ ಅಬ್ಸಾರ್ಬರ್ ತಳಕ್ಕೆ ಹೋಗಿ ಕುಟ್ಟುತ್ತದೆ. ಒಂದೂವರೆ ವರ್ಷದಲ್ಲಿ ಮುಂದಿನ ಎರಡೂ ಆಯಿಲ್ ಕಕ್ಕಿದವು. ಟೈರು ಒಳಗಡೆಯಿಂದ ಸವೆಯಿತು. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇತ್ತು.

ಪಂಕ್ಚರ್ ಹಾಕಿಸಲು ಒಂದು ಸಲ ಹಿಂದಿನ ಚಕ್ರ ಎತ್ತಿದೆವು. ಜಾಕ್ ಮೇಲೆ ಚಕ್ರ ಪೂರ್ತಿ ಇಳಿಬಿದ್ದಿತ್ತು. ಸುಮ್ನೆ ಕೈ ಹಾಕಿ ಸ್ಪ್ರಿಂಗ್ ಮುಟ್ಟಿದೆ. ತಿರುಗಿತು. ಬಳೆ ತಿರುಗಿಸಿದಷ್ಟು ಸುಲಭವಾಗಿ, ಎರಡು ಬೆರಳಲ್ಲಿ. ಮೇಲಿನ ರಬ್ಬರಿಗೂ ಅದಕ್ಕೂ ನಡುವೆ ಬೆಳಕು ಕಾಣುತ್ತಿತ್ತು. ಇಡೀ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಅದು. ಸ್ಪೀಡಿನಲ್ಲಿ ಹಂಪ್ ಎಗರಿಸಿದಾಗ ಜಾಗ ಬಿಟ್ಟು ಪಕ್ಕಕ್ಕೆ ಸರಿದಿದ್ದರೆ? ನಾನು ಓಡಾಡುವ ದಾರಿಯ ಒಂದು ಪಕ್ಕಕ್ಕೆ ನಾಲೆ ಇದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೂ ದುಡ್ಡಿನ ಲೆಕ್ಕ ನೋಡಿ ದಿನ ತಳ್ಳಿದೆ. ಅದು ತಪ್ಪೇ.

ಕೊನೆಗೆ ಕಾನೂನು ಎದುರು ಬಂದು ನಿಂತದ್ದು 2024ರಲ್ಲಿ. ಖಾಸಗಿ ಕಾರಿನ ಆರ್‌ಸಿಗೆ 15 ವರ್ಷ ಅವಧಿ. ಮುಗಿಯುವ ಮೊದಲು ಫಾರಂ 25 ಹಾಕಿ, ಶುಲ್ಕ ಕಟ್ಟಿ (ಆಗ 5,000 ರೂಪಾಯಿ), ಆರ್‌ಟಿಒಗೆ ಗಾಡಿ ತೋರಿಸಿದರೆ ಇನ್ನೈದು ವರ್ಷ ಸಿಗುತ್ತದೆ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ನಾನು ಹಾಗೇ ಹಾಕಿದ್ದರಿಂದ ಬಚಾವಾದೆ. ಇನ್ಸ್‌ಪೆಕ್ಟರ್ ಗಾಡಿ ಸುತ್ತ ಒಂದು ಸುತ್ತು ಬಂದು, ಕುಕ್ಕರಗಾಲಲ್ಲಿ ಕೂತು, ಟೈರಿನ ಮೇಲೆ ಕೈ ತೂರಿಸಲು ನೋಡಿದರು. "ಸ್ಪ್ರಿಂಗ್ ಕಟ್ ಮಾಡ್ಸಿದೀರಾ?" ಎಂದರು. ಹೌದು ಎಂದೆ. "ಒರಿಜಿನಲ್ ಹಾಕಿಸ್ಕೊಂಡು ಬನ್ನಿ, ನೋಡೋಣ" ಎಂದು ಎದ್ದರು. ಆರ್‌ಸಿಯಲ್ಲಿ ಬರೆದಿಲ್ಲವಲ್ಲ ಸಾರ್ ಎಂದು ನಾನೂ ಕೇಳಿದೆ. "ಆರ್‌ಸಿಯಲ್ಲಿ ಬ್ರೇಕ್ ಅಂತಾನೂ ಬರೆದಿರಲ್ಲ" ಎಂದರು.

ಆ ಮಾತು ತಲೆಯಲ್ಲಿ ಕೂತಿತು. ಮನೆಗೆ ಬಂದು ಮೋಟಾರು ವಾಹನ ಕಾಯ್ದೆ ಓದಿದೆ. ಸೆಕ್ಷನ್ 52 ಬದಲಾವಣೆಯದ್ದು. ಕಂಪನಿ ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಮಾಲೀಕ ಗಾಡಿ ಬದಲಿಸುವಂತಿಲ್ಲ ಎನ್ನುತ್ತದೆ. ಸಿಎನ್‌ಜಿ ಕಿಟ್‌ನಂಥವಕ್ಕೆ ದಾರಿ ಇದೆ, ಅದೂ ಒಪ್ಪಿಗೆ ಪಡೆದ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. 'ಇಷ್ಟು ಎಂಎಂ ಇಳಿಸಬಹುದು' ಎಂಬ ಸಾಲು ಎಷ್ಟು ಹುಡುಕಿದರೂ ಅಲ್ಲಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಎಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಹೊಸ ರೂಪದಲ್ಲಿ ಬಂತು. ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಒಂದೊಂದಕ್ಕೂ ಅನ್ನುವುದನ್ನು ಗಮನಿಸಿ.

ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಒಂದು ಮಾಡೆಲ್ ರಸ್ತೆಗೆ ಬರುವ ಮೊದಲು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿನ ನಿಯಮ 126ರ ಪ್ರಕಾರ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆಯಾಗುತ್ತದೆ. ಆ ಗಾಡಿ ಪಾಸಾದದ್ದು ಆ ಸ್ಪ್ರಿಂಗಿನ ಮೇಲೆ, ಆ ಎತ್ತರದಲ್ಲಿ. ಹಾಗಾಗಿ ನಮ್ಮಲ್ಲಿ ಲಿಮಿಟ್ ಅಂದರೆ ಕಂಪನಿ ಇಟ್ಟ ಎತ್ತರವೇ. ಹುಡುಗರು ನೆಲದಿಂದ ನೂರು ಎಂಎಂ ಬಿಟ್ಟರೆ ಸಾಕು ಎನ್ನುತ್ತಾರಲ್ಲ, ಅಂಥ 100ರ ನಿಯಮ ಆಸ್ಟ್ರೇಲಿಯಾದಲ್ಲಿದೆ. ಅಲ್ಲಿ ಅದರ ಜೊತೆಗೆ ಬೇರೆ ಷರತ್ತುಗಳೂ ಇವೆ. ಅದನ್ನು ತಂದು ಇಲ್ಲಿ ತೋರಿಸಿದರೆ ನಡೆಯುವುದಿಲ್ಲ. ಇನ್ಶೂರೆನ್ಸ್ ವಿಷಯವೂ ಅಷ್ಟೇ. ಬದಲಾವಣೆ ಮಾಡಿದ್ದನ್ನು ತಿಳಿಸದೆ ಇದ್ದರೆ ಅಪಘಾತದ ಹೊತ್ತಿಗೆ ಕ್ಲೇಮಿಗೆ ತಕರಾರು ಬರಬಹುದು. ಎಂಟು ವರ್ಷ ನಾನು ತಿಳಿಸಿರಲಿಲ್ಲ.

ಮತ್ತೆ ಎತ್ತಿಸಲು ಈ ಸಲ ಪರಿಚಯದ ಹಳೆ ಮೇಸ್ತ್ರಿಯ ಹತ್ತಿರ ಹೋದೆ, ಮಂಡ್ಯದಲ್ಲಿ. ಕಂಪನಿ ಸ್ಪ್ರಿಂಗ್ ನಾಲ್ಕು, ಶಾಕ್ ಅಬ್ಸಾರ್ಬರ್ ನಾಲ್ಕು, ಮೇಲಿನ ಮೌಂಟ್ ಎರಡು. ಪಾರ್ಟ್ಸ್, ಕೂಲಿ, ಚಕ್ರಗಳ ಅಲೈನ್‌ಮೆಂಟ್ ಸೇರಿ ಹತ್ತೊಂಬತ್ತು ಸಾವಿರ ದಾಟಿತು. ಮುಂದಿನ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಜೋಡಣೆ) ಬಿಚ್ಚಿ ಬೆಂಚಿನ ಮೇಲೆ ಇಟ್ಟು ನನ್ನನ್ನು ಕರೆದರು. "ಇಲ್ನೋಡಿ ಬುದ್ಧಿ." ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಹಾಕದೆಯೇ ಮೇಲಿನ ನಟ್ ಬಿಚ್ಚಿದರು. ಕತ್ತರಿಸಿದ ಸ್ಪ್ರಿಂಗಿಗೆ ಒತ್ತಡವೇ ಇರಲಿಲ್ಲ, ಡಬ್ಬಿಯ ಮುಚ್ಚಳ ತೆಗೆದ ಹಾಗೆ ಬಂತು. ಗ್ರೈಂಡರಿನ ಚೂಪು ತುದಿ ಕೆಳಗಿನ ರಬ್ಬರನ್ನು ಅರ್ಧ ಕೊರೆದಿತ್ತು. ಹೊಸ ಸ್ಪ್ರಿಂಗ್ ಹಾಕುವಾಗ ಎರಡೂ ಕಡೆ ಉದ್ದ ಬೋಲ್ಟಿನ ಕಂಪ್ರೆಸರ್ ಹಾಕಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ ಕೂರಿಸಿದರು. ಹತ್ತಿರ ಬರಬೇಡಿ ಎಂದು ನನ್ನನ್ನು ದೂರ ನಿಲ್ಲಿಸಿದ್ದರು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಒಳ್ಳೆ ಸ್ಪ್ರಿಂಗ್ ಜಾರಿದರೆ ಮೂಳೆ ಮುರಿಯುತ್ತದೆ.

ಹಿಂದಿನ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್) ಬೋಲ್ಟುಗಳನ್ನು ಗಾಡಿ ಜಾಕ್ ಮೇಲಿದ್ದಾಗ ಅರ್ಧ ಬಿಗಿ ಮಾಡಿ, ನೆಲಕ್ಕೆ ಇಳಿಸಿದ ಮೇಲೆ ಪೂರ್ತಿ ಬಿಗಿ ಮಾಡಿದರು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇರುತ್ತದಂತೆ. ಇನ್ನೂರು ಕಿಲೋಮೀಟರ್ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಅಲೈನ್‌ಮೆಂಟ್ ಮಾಡಿಸಿದೆ. ಹೆಡ್‌ಲೈಟಿನ ಬೆಳಕನ್ನೂ ಸರಿ ಮಾಡಿಸಿದೆ.

ಸರಿಯಾದ ಎತ್ತರ ಎಷ್ಟು ಅಂತ ನಾನು ಮೊದಲು ಅಳೆದು ಇಟ್ಟಿರಲಿಲ್ಲ. ಪಕ್ಕದ ಬೀದಿಯಲ್ಲಿ ಇದೇ ಕಾಲದ ಸ್ವಿಫ್ಟ್ ಇದೆ. ಅವರನ್ನು ಕೇಳಿ ಅಳೆದುಕೊಂಡೆ. ಸಮ ನೆಲದಲ್ಲಿ ನಿಲ್ಲಿಸಿ, ಗಾಳಿ ಸರಿ ಇದೆಯಾ ನೋಡಿ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿಯಬೇಕು. ಟೈರ್ ಸವೆದಿದ್ದರೂ ಈ ಅಳತೆ ಬದಲಾಗುವುದಿಲ್ಲ. ಅವರದು ಮುಂದೆ 378 ಮಿ.ಮೀ, ನನ್ನದು 333 ಇದ್ದದ್ದು 380 ಆಯಿತು. ಎರಡನೇ ಸಲ ತೋರಿಸಿದಾಗ ಗಾಡಿ ಪಾಸಾಯಿತು.

ಚಿಕ್ಕಪ್ಪನ ಮಗ ಇಷ್ಟಕ್ಕೇ ಸುಮ್ಮನಾಗಲಿಲ್ಲ. "ಸ್ಪ್ರಿಂಗ್ ಬೇಡ, ಸಣ್ಣ ಟೈರ್ ಹಾಕ್ಲಾ ಅಣ್ಣ?" ಎಂದ. ನನ್ನ ಗಾಡಿಯನ್ನೇ ಇಟ್ಟು ಲೆಕ್ಕ ಹಾಕಿ ತೋರಿಸಿದೆ. 165/80 ಆರ್14 ಸೈಜಿನ ಟೈರ್ ಬದಲು 185/60 ಆರ್14 ಹಾಕಿದರೆ ಗಾಡಿ ಇಳಿಯುವುದು 21 ಮಿ.ಮೀ. ಆದರೆ ಚಕ್ರದ ಸುತ್ತಳತೆ ಕಡಿಮೆಯಾಗಿ, ಮೀಟರ್ 100 ತೋರಿಸುವಾಗ ಮೊದಲಿಗಿಂತ ಏಳು ಕಿಲೋಮೀಟರ್ ಕಡಿಮೆ ಓಡುತ್ತಿರುತ್ತದೆ. ಓಡಿದ ದೂರವೂ ತಪ್ಪು ಬೀಳುತ್ತದೆ. ಅದೂ ಕಂಪನಿ ಕೊಟ್ಟ ಅಳತೆಯಲ್ಲ. ಅವನ ಗಾಡಿಯ ಬಾಗಿಲ ಪಕ್ಕದ ಸ್ಟಿಕ್ಕರ್ ತೋರಿಸಿ, ಅಲ್ಲಿರುವ ಸೈಜಿನಲ್ಲೇ ಒಳ್ಳೆ ಟೈರ್ ತಗೋ ಎಂದೆ. ಗಾಡಿ ವಾಲುತ್ತದೆ ಎಂಬ ಅವನ ದೂರಿಗೆ ಬುಷ್ ನೋಡಿಸಿದೆವು. ಎರಡು ಹೋಗಿದ್ದವು. ಹಾಕಿಸಿದ ಮೇಲೆ ಇಳಿಸುವ ಮಾತು ಎತ್ತಿಲ್ಲ.

ಕತ್ತರಿಸಿದ ಆ ನಾಲ್ಕು ಸ್ಪ್ರಿಂಗ್ ಕೊಟ್ಟಿಗೆಯಲ್ಲಿ ಬಿದ್ದಿದ್ದವು. ಯಾರೋ ಬಂದು ಎಂಟುನೂರು ಕೊಡ್ತೀನಿ, ನಮ್ಮ ಹುಡುಗನ ಗಾಡಿಗೆ ಬೇಕು ಎಂದು ಕೇಳಿದರು. ಕೊಡಲಿಲ್ಲ. ವೆಲ್ಡಿಂಗ್ ಅಂಗಡಿಗೆ ಒಯ್ದು ಒಂದೊಂದನ್ನೂ ಎರಡು ತುಂಡು ಮಾಡಿಸಿ, ಆಮೇಲೆ ಗುಜರಿಗೆ ಹಾಕಿದೆ.