ಚೌಕಾಬಾರದ ಎಂಜಿನ್‌ನಲ್ಲೇ ಹುಲಿ-ಕುರಿ ಓಡಿಸಿದೆ: ನನ್ನ ಅನುಭವ

"ಇದು ಗೇಮ್ ಅಲ್ಲ ಗುರೂ, ರೀಸ್ಕಿನ್, ಹಳೇ ಆಟಕ್ಕೆ ಹೊಸ ಬಣ್ಣ ಅಷ್ಟೇ." ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿರುವ ಗೆಳೆಯ ಹೀಗೆ ನಕ್ಕಿದ್ದ. ಚೌಕಾಬಾರ, ಹುಲಿ-ಕುರಿ, ಅಳಗುಳಿ ಮಣೆ ಮೂರನ್ನೂ ಮೊಬೈಲ್ ಆಟ ಮಾಡಿ, ಒಂದೇ ಎಂಜಿನ್ (ಆಟ ಓಡಿಸುವ ಮೂಲ ಸಾಫ್ಟ್‌ವೇರ್) ಮೇಲೆ ಕಟ್ಟುತ್ತೇನೆ ಅಂದಿದ್ದಕ್ಕೆ. ಈಗ ಮೂರೂ ಪ್ಲೇ ಸ್ಟೋರ್‌ನಲ್ಲಿವೆ. ಮೊದಲನೆಯದಕ್ಕೆ 8 ತಿಂಗಳು ಹಿಡಿದಿತ್ತು, ಮೂರನೆಯದು 11 ದಿನಕ್ಕೆ ಮುಗಿಯಿತು. ಅದೂ ತುಮಕೂರಿನ ಮನೆಯ ಮಹಡಿ ಕೋಣೆಯಲ್ಲಿ, 34 ಸಾವಿರದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ.

ಶುರುವಿನಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಚೌಕಾಬಾರದ ಪ್ರಾಜೆಕ್ಟನ್ನು ಹಾಗೇ ಕಾಪಿ ಮಾಡಿ, ಅದರ ಮೇಲೆ ಹುಲಿ-ಕುರಿ ಬರೆದೆ. ಎರಡು ವಾರ ಖುಷಿಯಾಗಿತ್ತು. ಆಮೇಲೆ, ಕರೆ ಬಂದು ಹೋದರೆ ಆಟದ ಸದ್ದು ನಿಲ್ಲುವ ಒಂದು ಬಗ್ ಸಿಕ್ಕಿತು. ಚೌಕಾಬಾರದಲ್ಲಿ ಸರಿ ಮಾಡಿದೆ, ಹುಲಿ-ಕುರಿಯಲ್ಲಿ ಮರೆತೆ. ತಿಂಗಳಾದ ಮೇಲೆ ಅದೇ ಬಗ್ ಅನ್ನು ಹೊಸದು ಅಂದುಕೊಂಡು ಮೂರು ರಾತ್ರಿ ಹುಡುಕಿದ್ದೇನೆ. ನಗಬೇಡಿ.

ರೋಸಿ ಹೋಗಿ ಆ ಕಡೆಯ ತುದಿಗೆ ಹಾರಿದೆ. ಜಗತ್ತಿನ ಯಾವ ಮಣೆಯಾಟವನ್ನಾದರೂ ಒಂದೇ ನಿಯಮದ ಫೈಲಿನಲ್ಲಿ ಬರೆಯುವಂಥ ಎಂಜಿನ್ ಮಾಡುತ್ತೇನೆ ಅಂತ ಕೂತೆ. ನಾಲ್ಕು ತಿಂಗಳು ಹೋಯಿತು. ಕೊನೆಗೆ ಅಳಗುಳಿ ಮಣೆಯಲ್ಲಿ ಒಂದು ಬೀಜ ಎತ್ತಿ ಪಕ್ಕದ ಗುಳಿಗೆ ಹಾಕಲು 60 ಸಾಲು ಬರೆಯಬೇಕಾಯಿತು. ಬಿಸಾಕಿದೆ.

ಕೆಲಸಕ್ಕೆ ಬಂದದ್ದು ಇವೆರಡರ ನಡುವಿನ ದಾರಿ. ಮಣೆ ಎಲ್ಲಿದ್ದರೂ ಚುಕ್ಕಿ ಮತ್ತು ಗೆರೆ ಅಷ್ಟೇ. ಚೌಕಾಬಾರಕ್ಕೆ 25 ಮನೆ: ಹೊರಸುತ್ತು 16, ಒಳಸುತ್ತು 8, ನಡುವೆ ಹಣ್ಣಾಗುವ ಮನೆ ಒಂದು. ನಮ್ಮ ಕಡೆ ಆಡುವ ಹುಲಿ-ಕುರಿಗೆ 23 ಚುಕ್ಕಿ, 3 ಹುಲಿ, 15 ಕುರಿ. ಅಳಗುಳಿಗೆ 14 ಗುಳಿ. ಇದಿಷ್ಟನ್ನೂ ಆಟದ ಫೋಲ್ಡರ್‌ನಲ್ಲಿ ಒಂದು ಸಣ್ಣ ಡೇಟಾ ಫೈಲಾಗಿ ಇಟ್ಟೆ. ಜೊತೆಗೆ ನಿಯಮದ ಒಂದು ಸ್ಕ್ರಿಪ್ಟ್, ಚಿತ್ರ, ಸದ್ದು. ಬೆರಳು ಮುಟ್ಟಿದ್ದು, ಕಾಯಿ ಸರಿಯುವುದು, ಸೇವ್, ಜಾಹೀರಾತು, ಭಾಷೆ ಎಲ್ಲ ಕಾಮನ್ ಫೋಲ್ಡರ್‌ಗೆ ಹೋಯಿತು. ಕೋಡ್‌ನ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್‌ನಲ್ಲಿ ಅದು ಮೂರೂ ಪ್ರಾಜೆಕ್ಟ್ ಹಂಚಿಕೊಳ್ಳುವ ಸಬ್‌ಮಾಡ್ಯೂಲ್. ಅದರ ಕೆಳಗಿರೋದು ಗೊಡೊ ಎಂಜಿನ್. ಅದಂತೂ ಪುಕ್ಕಟೆ, ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸ್.

ಗೆಳೆಯನಿಗೆ ಇದನ್ನು ಬಾಯಲ್ಲಿ ಹೇಳಿ ಸಾಕಾಗಿತ್ತು. ಒಂದು ದಿನ ಬೆಂಗಳೂರಿನ ಟ್ರೇನಿನಲ್ಲೇ ಲ್ಯಾಪ್‌ಟಾಪ್ ಬಿಚ್ಚಿದೆ. ವಿಂಡೋಸ್‌ಗೆ ಎಕ್ಸ್‌ಪೋರ್ಟ್ ಮಾಡಿದ್ದ ಎರಡು ಆಟ ಇದ್ದವು. ಒಂದೊಂದಕ್ಕೂ ಎಂಜಿನ್ ಇರುವ ಒಂದು ಇಎಕ್ಸ್‌ಇ, ಆಟದ ಸಾಮಾನಿರುವ ಅದೇ ಹೆಸರಿನ ಒಂದು ಪಿಸಿಕೆ ಫೈಲು. ಚೌಕಾಬಾರದ ಪಿಸಿಕೆಗೆ ಹುಲಿ-ಕುರಿಯ ಹೆಸರಿಟ್ಟು, ಹುಲಿ-ಕುರಿಯ ಇಎಕ್ಸ್‌ಇ ಪಕ್ಕ ಇಟ್ಟೆ. ಡಬಲ್ ಕ್ಲಿಕ್ ಮಾಡಿದರೆ ಹುಲಿಯ ಐಕಾನಿನಿಂದ ಕವಡೆ ಉರುಳಿಕೊಂಡು ಬಂತು. ಕ್ಯಾತಸಂದ್ರ ದಾಟುವಷ್ಟರಲ್ಲಿ ಅವನ ಮುಖ ನೋಡಬೇಕಿತ್ತು. ಆಮೇಲೆ ಎರಡು ಎಪಿಕೆಗಳನ್ನು (ಆಂಡ್ರಾಯ್ಡ್ ಆ್ಯಪ್‌ನ ಫೈಲು) ಜಿಪ್ ಥರ ಬಿಚ್ಚಿ, ಒಳಗಿನ ಗೊಡೊ ಲೈಬ್ರರಿಯ, ಅಂದರೆ ಎಂಜಿನ್ ಫೈಲಿನ, ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೋರಿಸಿದೆ. ಒಂದಕ್ಷರ ಬೇರೆ ಇರಲಿಲ್ಲ. ಗೊಡೊದ ಒಂದೇ ಆವೃತ್ತಿಯ ಸಿದ್ಧ ಟೆಂಪ್ಲೇಟ್ ಬಳಸಿದರೆ ಹಾಗೇ ಬರಬೇಕು.

ಇದೇನು ನಾನು ಕಂಡುಹಿಡಿದದ್ದಲ್ಲ. 1993ರ ಶೂಟಿಂಗ್ ಗೇಮ್ ಡೂಮ್‌ನಲ್ಲೇ ಆಟದ ಸಾಮಾನೆಲ್ಲ ವ್ಯಾಡ್ ಫೈಲಿನಲ್ಲಿತ್ತು. ಮಾರನೆಯ ವರ್ಷವೇ ಅದೇ ಎಂಜಿನ್ ಮೇಲೆ ರೇವನ್ ಕಂಪನಿಯವರು ಹೆರೆಟಿಕ್ ಅನ್ನೋ ಗೇಮ್ ತಂದರು. ಇವತ್ತು ಹತ್ತು ಗೇಮ್ ಇನ್‌ಸ್ಟಾಲ್ ಮಾಡಿ ಫೋಲ್ಡರ್ ತೆರೆದರೆ ಹಲವದರಲ್ಲಿ ಯೂನಿಟಿ ಎಂಜಿನ್‌ನ ಅದೇ ಯೂನಿಟಿಪ್ಲೇಯರ್ ಡಿಎಲ್‌ಎಲ್ ಕಣ್ಣಿಗೆ ಬೀಳುತ್ತದೆ, ಅಲ್ವಾ?

ಹಾಗಾದರೆ ಮೂರು ಆಟಕ್ಕೆ ಮೂರು ಸಲ ಎಂಜಿನ್ ಯಾಕೆ ಹೊರಬೇಕು ಅನ್ನಿಸಿತು. ಒಂದೊಂದು ಎಪಿಕೆಯೂ ಸುಮಾರು 30 ಎಂಬಿ, ಅದರಲ್ಲಿ ನನ್ನ ಆಟ ಮೂರೋ ನಾಲ್ಕೋ ಎಂಬಿ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಆ್ಯಪ್ ತನ್ನ ಲೈಬ್ರರಿ ತಾನೇ ಹೊತ್ತು ತರಬೇಕು. ಹಾಗಾಗಿ ಒಂದೇ ಆ್ಯಪ್ ಮಾಡಿ, ಆಟಗಳನ್ನು ಪ್ಯಾಕ್ ಆಗಿ ಒಳಗೆ ಲೋಡ್ ಮಾಡಿ ನೋಡಿದೆ. ಮೂರರಲ್ಲೂ ಮುಖ್ಯ ಸೀನಿನ (ಆಟದ ಪರದೆಯ) ಫೈಲಿನ ಹೆಸರು ಒಂದೇ ಇತ್ತು. ಆಮೇಲೆ ಬಂದ ಪ್ಯಾಕ್ ಮೊದಲಿನದರ ಮೇಲೆ ಕೂತು, ಚೌಕಾಬಾರದ ಕಟ್ಟೆ ಮನೆಯಲ್ಲಿ ಕುರಿ ನಿಂತಿತ್ತು! ಆಟಕ್ಕೊಂದು ಫೋಲ್ಡರ್ ಹೆಸರು ಕೊಟ್ಟ ಮೇಲೆ ಸರಿಹೋಯಿತು. ಆದರೂ ಬಿಟ್ಟೆ. ಹುಲಿ-ಕುರಿ ಹುಡುಕುವವರಿಗೆ ಹುಲಿ-ಕುರಿ ಅನ್ನೋ ಹೆಸರೇ ಕಾಣಬೇಕು.

ಕಾಮನ್ ಫೋಲ್ಡರ್ ಜೀವ ಉಳಿಸಿದ್ದು ಕನ್ನಡದ ವಿಷಯದಲ್ಲಿ. ಗೊಡೊ 3ರಲ್ಲಿ ಒತ್ತಕ್ಷರ ಕೂಡುತ್ತಿರಲಿಲ್ಲ. "ಗೆದ್ದಿರಿ" ಅನ್ನೋದು ಒಡೆದು ಚೂರಾಗಿ ಕಾಣುತ್ತಿತ್ತು. ಒಂದೊಂದು ಪದವನ್ನೂ ಚಿತ್ರ ಮಾಡಿಸಿ 9 ಸಾವಿರ ಸುಮ್ನೆ ಕಳೆದೆ. 2023ರ ಮಾರ್ಚ್‌ನಲ್ಲಿ 4.0 ಬಂತು, ಅದರಲ್ಲಿ ಕನ್ನಡ ಸರಿಯಾಗಿ ಮೂಡಿತು. ಕಾಮನ್ ಫೋಲ್ಡರನ್ನು ಅದಕ್ಕೆ ಬದಲಾಯಿಸಲು ಒಂದೂವರೆ ತಿಂಗಳು ಹಿಡಿಯಿತು, ಆದರೆ ಅಷ್ಟರಲ್ಲಿ ಆಗ ಇದ್ದ ಎರಡು ಆಟವೂ ಒಟ್ಟಿಗೆ ಸರಿಹೋದವು.

ಏಟು ತಿಂದದ್ದೂ ಅದೇ ಕಾಮನ್ ಫೋಲ್ಡರಿನಿಂದ. ತುಮಕೂರಿನ ಒಡವೆ ಅಂಗಡಿಯವರು ಯುಗಾದಿಗೆ ಟಚ್ ಸ್ಕ್ರೀನಿನಲ್ಲಿ ಚೌಕಾಬಾರ ಕೇಳಿದ್ದರು, 22 ಸಾವಿರಕ್ಕೆ. ಹಿಂದಿನ ರಾತ್ರಿ ಅಳಗುಳಿಗೋಸ್ಕರ ಟಚ್ ಕೋಡ್ ತಿದ್ದಿ ಗಿಟ್‌ಗೆ ಪುಶ್ ಮಾಡಿದ್ದೆ (ಏರಿಸಿದ್ದೆ). ಬೆಳಗ್ಗೆ ಅಂಗಡಿಯಲ್ಲಿ ಕಾಯಿ ಅಲುಗಲೇ ಇಲ್ಲ. ಅವತ್ತಿನಿಂದ ಒಂದೊಂದು ಆಟವೂ ಕಾಮನ್ ಫೋಲ್ಡರಿನ ಒಂದು ಟ್ಯಾಗಿಗೆ (ಹೆಸರಿಟ್ಟ ಆವೃತ್ತಿಗೆ) ಅಂಟಿಕೊಂಡಿರುತ್ತದೆ. ನಾನು ಹೇಳುವ ತನಕ ಹೊಸದು ಎಳೆಯುವುದಿಲ್ಲ.

ಪ್ಲೇ ಸ್ಟೋರ್ ಖಾತೆಗೆ 25 ಡಾಲರ್, ಒಂದೇ ಸಲ. ನಾನು ತೆರೆದಾಗ ಹೊಸ ವೈಯಕ್ತಿಕ ಖಾತೆಯವರು ಆಟ ಬಿಡುಗಡೆಗೆ ಮೊದಲು 20 ಟೆಸ್ಟರ್‌ಗಳನ್ನು 14 ದಿನ ಬಿಡದೆ ಇಟ್ಟುಕೊಳ್ಳಬೇಕಿತ್ತು. ಈಗ 12 ಸಾಕು. ನನಗೆ 20 ಜನ ಟ್ರೇನಿನ ಪಾಸ್‌ನವರಲ್ಲೇ ಸಿಕ್ಕರು. 14 ದಿನ ಕಾಫಿ ನನ್ನದೇ.

ಅಮ್ಮ ಮಾತ್ರ ತಕರಾರು ತೆಗೆದರು. "ಈ ಮೊಬೈಲಲ್ಲಿ ಬರೀ ಎರಡೇ ಬೀಳುತ್ತಲ್ಲೋ." ಲೆಕ್ಕ ಸರಿಯಾಗೇ ಇತ್ತು, ನಾಲ್ಕು ಕವಡೆಗೆ ಸರಾಸರಿ 16ರಲ್ಲಿ 6 ಸಲ ಎರಡು ಬೀಳಲೇಬೇಕು. ಆದರೂ ಮನೆಯ ಕವಡೆಯನ್ನು 400 ಸಲ ಎಸೆದು ಬರೆದುಕೊಂಡೆವು. ನಮ್ಮ ಕವಡೆ ನೂರಕ್ಕೆ 55ರಷ್ಟು ಬೋರಲು ಬೀಳುತ್ತಿತ್ತು. ಅಷ್ಟು ಸಣ್ಣ ವ್ಯತ್ಯಾಸಕ್ಕೇ ಎಂಟು (ನಾಲ್ಕೂ ಬೋರಲು) ಬೀಳೋದು ಚೌಕದ (ನಾಲ್ಕೂ ಅಂಗಾತ) ಎರಡರಷ್ಟಾಗುತ್ತದೆ. ಡೇಟಾ ಫೈಲಿನಲ್ಲಿ ಒಂದು ಅಂಕಿ ಬದಲಾಯಿಸಿದೆ. ಈಗ ಅಮ್ಮ ಗೆಲ್ಲುತ್ತಾರೆ.

ಒಟ್ಟು ಖರ್ಚು 75 ಸಾವಿರದ ಹತ್ತಿರ. ಜಾಹೀರಾತಿನಿಂದ ತಿಂಗಳಿಗೆ ಎರಡೂವರೆ, ಮೂರು ಸಾವಿರ. ಅಂಗಡಿ ಆರ್ಡರ್‌ಗಳು ಇಲ್ಲದಿದ್ದರೆ ಇನ್ನೂ ಸಾಲದಲ್ಲೇ ಇರುತ್ತಿದ್ದೆ. ಮೊನ್ನೆ ಅದೇ ಗೆಳೆಯ ಫೋನ್ ಮಾಡಿ, ಮೂರು ಹುಲಿಗೂ ಸೇರಿ ಒಂದೇ ಬುದ್ಧಿ ಹೇಗೆ ಬರೆದೆ ಅಂತ ಕೇಳಿದ. ಅವನಿಗೂ ಹೇಳಲಿಲ್ಲ, ಇಲ್ಲೂ ಹೇಳಲ್ಲ.

ಈಗ ಪಗಡೆ ಹಿಡಿದಿದ್ದೇನೆ. ಹಾಸಿನ ಮನೆಗಳ ಪಟ್ಟಿ ಒಂದು ಸಂಜೆಗೆ ಮುಗಿಯಿತು. ಉದ್ದನೆಯ ದಾಳ ಉರುಳಿಸುವುದು ಕಾಮನ್ ಫೋಲ್ಡರ್‌ಗೆ ಗೊತ್ತಿಲ್ಲ, ಅದಕ್ಕೆ ಕವಡೆಯೊಂದೇ ಗೊತ್ತು. ನಾಲ್ಕು ದಿನದಿಂದ ಅಲ್ಲೇ ನಿಂತಿದ್ದೇನೆ.