ಜಯನಗರದ ಮನೆಯ ಬೆಲೆಯನ್ನು ನಾವು ಲೆಕ್ಕ ಹಾಕಿದ ಬಗೆ

ಬೆಂಗಳೂರಿನ ಜಯನಗರದಲ್ಲಿದ್ದ ತಂದೆಯವರ ಮನೆಯನ್ನು ಮಾರುವುದೆಂದು ಅಣ್ಣ, ತಂಗಿ ಮತ್ತು ನಾನು 2025ರ ಆರಂಭದಲ್ಲಿ ತೀರ್ಮಾನಿಸಿದಾಗ ನಮ್ಮ ಮುಂದೆ ನಾಲ್ಕು ಬಗೆಯ ಬೆಲೆಗಳಿದ್ದವು. ಸರ್ಕಾರದ ಮಾರ್ಗಸೂಚಿ ದರ ಒಂದು, ಜಾಹೀರಾತು ತಾಣಗಳಲ್ಲಿ ಕಾಣುವ ಬೆಲೆ ಇನ್ನೊಂದು, ಬ್ರೋಕರ್ ಹೇಳಿದ್ದು ಮೂರನೆಯದು, ಹಿಂದಿನ ಬೀದಿಯ ಮನೆ ‘ಇಷ್ಟಕ್ಕೆ ಹೋಯಿತಂತೆ’ ಎಂದು ನೆರೆಯವರು ಹೇಳಿದ್ದು ನಾಲ್ಕನೆಯದು. ಅತಿ ಕಡಿಮೆಯದಕ್ಕೂ ಅತಿ ಹೆಚ್ಚಿನದಕ್ಕೂ ಇದ್ದ ಅಂತರದಲ್ಲಿ ನಗರದ ಅಂಚಿನಲ್ಲಿ ಒಂದು ಫ್ಲಾಟನ್ನೇ ಕೊಳ್ಳಬಹುದಿತ್ತು. ವೃತ್ತಿಜೀವನವನ್ನೆಲ್ಲ ಲೆಕ್ಕಪರಿಶೋಧನೆಯಲ್ಲಿ ಕಳೆದ ನನಗೆ ಯಾವುದೇ ಅಂಕಿಯನ್ನು ಕಂಡರೂ ಅದನ್ನು ಬರೆದವರು ಯಾರು, ಹೆಚ್ಚು ಬರೆದರೆ ಅಥವಾ ಕಡಿಮೆ ಬರೆದರೆ ಅವರಿಗೇನು ಲಾಭ ಎಂದು ಕೇಳುವುದು ರೂಢಿ. ಮನೆಯ ಬೆಲೆಯನ್ನು ಕಟ್ಟುವಾಗ ನಾನು ಅನುಸರಿಸಿದ್ದು ಇದೊಂದೇ ಸೂತ್ರವನ್ನು.

ಮೊದಲಿಗೆ ಆಸ್ತಿಯ ಸ್ವರೂಪವನ್ನು ಹೇಳಬೇಕು. ನಮ್ಮದು 40x60 ಅಳತೆಯ, ಅಂದರೆ 2,400 ಚದರಡಿಯ ನಿವೇಶನ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಸ್ಥಾಪನೆಯಾಗುವ ಮೊದಲು ನಿವೇಶನ ಹಂಚುತ್ತಿದ್ದ ಸಿಐಟಿಬಿಯಿಂದ ತಂದೆಯವರಿಗೆ ಹಂಚಿಕೆಯಾದದ್ದು. ಅದರ ಮೇಲಿದ್ದ ಹದಿನಾಲ್ಕು ಚದರದ ಮನೆಗೆ ಮೊಸಾಯಿಕ್ ನೆಲ, ತೇಗದ ಬಾಗಿಲುಗಳು, ಹಿತ್ತಿಲಲ್ಲಿ ಒಂದು ಬಾವಿ. ಇಂಥ ಹಳೆಯ ಬಡಾವಣೆಗಳಲ್ಲಿ ಐವತ್ತು ವರ್ಷ ದಾಟಿದ ಮನೆಗೆ ಕೊಳ್ಳುವವನು ಬೆಲೆ ಕಟ್ಟುವುದಿಲ್ಲ. ಅವನು ನೋಡುವುದು ನೆಲವನ್ನು, ಎದುರಿನ ರಸ್ತೆಯನ್ನು ಮತ್ತು ಕಾಗದಪತ್ರಗಳನ್ನು. ತೇಗದ ಬಾಗಿಲಿಗೂ ಏನಾದರೂ ಬರಬೇಕಲ್ಲವೇ ಎಂದು ತಂಗಿ ಕೇಳಿದಳು. ಬರುತ್ತದೆ, ಆದರೆ ಅದನ್ನು ಕೊಡುವವನು ಮನೆ ಒಡೆಯುವ ಗುತ್ತಿಗೆದಾರ. ಆದ್ದರಿಂದ ನಮ್ಮ ಲೆಕ್ಕವೆಲ್ಲ ನಿವೇಶನದ ಚದರಡಿಯ ಮೇಲೆಯೇ ನಡೆಯಿತು.

ಮುದ್ರಾಂಕ ಮತ್ತು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಮಾರ್ಗಸೂಚಿ ದರವನ್ನು ಯಾರು ಬೇಕಾದರೂ ನೋಡಬಹುದು. ನಿವೇಶನದ ದರ ಅಲ್ಲಿರುವುದು ಚದರ ಮೀಟರಿಗೆ, ಪೇಟೆಯ ಮಾತುಕತೆ ನಡೆಯುವುದು ಚದರಡಿಗೆ. ಹೋಲಿಸುವ ಮೊದಲು 10.764ರಿಂದ ಭಾಗಿಸಬೇಕು. ಈ ದರಗಳನ್ನು ರಾಜ್ಯದಾದ್ಯಂತ 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಲಾಗಿದೆ. ಮುದ್ರಾಂಕ ಶುಲ್ಕ ಸೋರಿಹೋಗದಂತೆ ಸರ್ಕಾರ ಹಾಕಿದ ತಳಮಟ್ಟ ಇದು. ಪೇಟೆಯ ಬೆಲೆಯನ್ನು ಹೇಳುವ ಉದ್ದೇಶ ಇದಕ್ಕಿಲ್ಲ. ಹಾಗಿದ್ದರೂ ಇದನ್ನು ಬದಿಗಿಡುವಂತಿಲ್ಲ, ಏಕೆಂದರೆ ಕ್ರಯಪತ್ರದ ಮೊತ್ತ ಇದಕ್ಕಿಂತ ಕೆಳಗಿಳಿದು ವ್ಯತ್ಯಾಸವು ಶೇ. 10ರ ಮಿತಿಯನ್ನು ಮೀರಿದರೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 50ಸಿ ಕಲಮಿನಂತೆ ಮಾರಿದವನ ಲಾಭವನ್ನು ಈ ದರದಂತೆ ಬರುವ ಮುದ್ರಾಂಕ ಮೌಲ್ಯದ ಮೇಲೆಯೇ ಲೆಕ್ಕ ಹಾಕುತ್ತಿದ್ದರು.

ನಿಜವಾದ ಕೆಲಸ ಶುರುವಾದದ್ದು ಋಣಭಾರ ಪ್ರಮಾಣಪತ್ರಗಳಿಂದ (ಇ.ಸಿ.), ಅಂದರೆ ಒಂದು ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿಗಳಿಂದ. ಇ.ಸಿ. ಎಂದರೆ ನಮ್ಮದೇ ಆಸ್ತಿಗೆ ತೆಗೆಸುವ ಕಾಗದ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ 1908ರ ನೋಂದಣಿ ಕಾಯ್ದೆಯ 57ನೇ ಕಲಮು ಸ್ಥಿರಾಸ್ತಿ ದಸ್ತಾವೇಜುಗಳ ಒಂದನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಅರ್ಜಿ ಕೊಟ್ಟು ಶುಲ್ಕ ಕಟ್ಟಿದ ಯಾರಿಗಾದರೂ ಪರಿಶೀಲನೆಗೆ ತೆರೆದಿಟ್ಟಿದೆ. ನಮ್ಮ ಅಡ್ಡರಸ್ತೆ ಮತ್ತು ಅದರ ಆಚೀಚಿನ ಅಡ್ಡರಸ್ತೆಗಳಲ್ಲಿ ಈಚಿನ ವರ್ಷಗಳಲ್ಲಿ ಕೈ ಬದಲಾದ ನಿವೇಶನಗಳ ಸಂಖ್ಯೆಗಳನ್ನು ಗುರುತಿಸಿಕೊಂಡು, ಒಂದೊಂದಕ್ಕೂ ಇ.ಸಿ. ತೆಗೆಸಿದೆ. 2004ರ ಏಪ್ರಿಲ್‌ನಿಂದ ಈಚಿನ ವಿವರಗಳು ಕಾವೇರಿಯಲ್ಲೇ ಸಿಗುತ್ತವೆ. ನಮೂನೆ 15ರಲ್ಲಿ ಬರುವ ಇ.ಸಿ.ಯಲ್ಲಿ ದಸ್ತಾವೇಜಿನ ಬಗೆ, ದಿನಾಂಕ, ಅಳತೆ, ಮಾರುಕಟ್ಟೆ ಮೌಲ್ಯ (ಮಾರ್ಗಸೂಚಿ ದರದಂತೆ ಇಲಾಖೆ ಕಟ್ಟಿದ್ದು), ಪ್ರತಿಫಲದ ಮೊತ್ತ (ಕೊಟ್ಟ ಬೆಲೆಯೆಂದು ಪತ್ರದಲ್ಲಿ ಬರೆಸಿದ್ದು) ಎಲ್ಲವೂ ಇರುತ್ತವೆ. ಪಕ್ಷಗಾರರ ಹೆಸರುಗಳೂ ಇರುತ್ತವೆ, ಆದರೆ ಅವನ್ನು ನನ್ನ ಪಟ್ಟಿಗೆ ಇಳಿಸಿಕೊಳ್ಳಲಿಲ್ಲ. ನಮಗೆ ಬೇಕಿದ್ದದ್ದು ನೆಲದ ಚರಿತ್ರೆಯಷ್ಟೇ.

ಹೀಗೆ ಸಿಕ್ಕಿದ್ದೆಲ್ಲ ಬೆಲೆಯಲ್ಲ. ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರಗಳನ್ನು ಮೊದಲು ತೆಗೆದುಹಾಕಿದೆ. ಕುಟುಂಬದೊಳಗಿನ ಕ್ರಯ, ಅವಿಭಕ್ತ ಪಾಲಿನ ಕ್ರಯ ಕೂಡ ಹೊರಗೆ ಹೋದವು. ಉಳಿದ ಕ್ರಯಪತ್ರಗಳಲ್ಲಿ ಒಂದು ವಿಷಯ ಎದ್ದು ಕಾಣುತ್ತಿತ್ತು: ಕೆಲವದರಲ್ಲಿ ಪ್ರತಿಫಲದ ಮೊತ್ತವು ಇಲಾಖೆಯ ಮೌಲ್ಯಕ್ಕೆ ಸರಿಸಮನಾಗಿ, ಇಲ್ಲವೇ ಸಾವಿರ ರೂಪಾಯಿಗಳ ಪೂರ್ಣಾಂಕಕ್ಕೆ ಏರಿಸಿದಷ್ಟೇ ವ್ಯತ್ಯಾಸದಲ್ಲಿತ್ತು. ಮುಕ್ತವಾಗಿ ಚೌಕಾಸಿ ಮಾಡಿದ ಇಬ್ಬರು ಸರ್ಕಾರದ ಅಂಕಿಯ ಮೇಲೆಯೇ ಬಂದು ನಿಲ್ಲುವುದು ಕಾಕತಾಳೀಯವಲ್ಲ; ಉಳಿದದ್ದು ಪತ್ರದ ಹೊರಗೆ ನಗದಾಗಿ ಕೈ ಬದಲಾಗಿರಬಹುದು. ಇಂಥ ಪತ್ರಗಳನ್ನಷ್ಟೇ ನೋಡಿದವರಿಗೆ 2023ರ ಅಕ್ಟೋಬರ್‌ನಲ್ಲಿ ಪೇಟೆ ಒಮ್ಮೆಲೇ ಜಿಗಿದಂತೆ ಕಾಣುತ್ತದೆ. ಜಿಗಿದದ್ದು ಮಾರ್ಗಸೂಚಿ ದರ ಮಾತ್ರ. ಆ ಸಾಲುಗಳಿಗೆಲ್ಲ ಕೆಂಪು ಗೆರೆ ಎಳೆದೆ.

ಹಾಗಾದರೆ ನಂಬಬೇಕಾದದ್ದು ಯಾವುದನ್ನು? ಕ್ರಯಪತ್ರ ನೋಂದಣಿಯಾದ ದಿನವೇ ಅಥವಾ ಅದರ ಬೆನ್ನಿಗೇ ಅದೇ ಆಸ್ತಿಯ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟ ದಾಖಲೆಯೂ ಇ.ಸಿ.ಯಲ್ಲಿ ಇದ್ದರೆ, ಕೊಂಡವರು ಸಾಲ ಪಡೆದಿದ್ದಾರೆ ಎಂದರ್ಥ. ಬ್ಯಾಂಕು ತನ್ನ ಮೌಲ್ಯಮಾಪಕರನ್ನು ಕಳಿಸಿರುತ್ತದೆ, ಮತ್ತು ಪತ್ರದಲ್ಲಿ ಮೊತ್ತ ಕಡಿಮೆಯಿದ್ದರೆ ಸಾಲವೂ ಕಡಿಮೆಯಾಗುವುದರಿಂದ ಕೊಳ್ಳುವವರಿಗೆ ನಿಜವನ್ನು ಬರೆಸುವ ಕಾರಣವಿರುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ. 75 ಲಕ್ಷ ರೂಪಾಯಿಗೆ ಮೇಲ್ಪಟ್ಟ ಗೃಹಸಾಲಗಳಲ್ಲಿ ಆಸ್ತಿಯ ಮೌಲ್ಯದ ಶೇ. 75ಕ್ಕಿಂತ ಹೆಚ್ಚು ಸಾಲ ಕೊಡಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ಠೇವಣಿಯ ದಾಖಲೆಯಲ್ಲಿ 3 ಕೋಟಿ ಸಾಲ ಕಂಡರೆ ಬ್ಯಾಂಕಿನ ಕಣ್ಣಿನಲ್ಲಿ ಆ ಆಸ್ತಿ ಕನಿಷ್ಠ 4 ಕೋಟಿಯದ್ದು. ಮನೆ ಕಟ್ಟುವ ಖರ್ಚನ್ನೂ ಅದೇ ಸಾಲಕ್ಕೆ ಸೇರಿಸಿರುವ ಸಂದರ್ಭಗಳಿರುವುದರಿಂದ ಎರಡು ದಾಖಲೆಗಳ ಮೊತ್ತವನ್ನೂ ತಾಳೆ ನೋಡಬೇಕು. ಈ ಜರಡಿಯಲ್ಲಿ ಉಳಿದ ವ್ಯವಹಾರಗಳು ಬೆರಳೆಣಿಕೆಯಷ್ಟೇ. ಆದರೂ ನೂರಾರು ಜಾಹೀರಾತುಗಳಿಗಿಂತ ಅವು ನನಗೆ ಹೆಚ್ಚು ತೂಕದವಾಗಿ ಕಂಡವು.

ಅವುಗಳಿಗೆ ಮೇಲಿನ ಅಂಚೂ ಕೆಳಗಿನ ಅಂಚೂ ಬೇಕಿತ್ತು. ಕೆಳಗಿನ ಅಂಚಿಗೆ ಸಾಲ ತೀರಿಸದವರ ಆಸ್ತಿಯನ್ನು ಮಾರಲು 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕುಗಳು ಪತ್ರಿಕೆಗಳಲ್ಲಿ ಕೊಡುವ ಹರಾಜು ಪ್ರಕಟಣೆಗಳನ್ನು ನೋಡಿದೆ. ದಕ್ಷಿಣ ಬೆಂಗಳೂರಿನ ಆಸ್ತಿಗಳು ಅವುಗಳಲ್ಲಿ ಆಗಾಗ ಬರುತ್ತವೆ, ಕನಿಷ್ಠ ಹರಾಜು ಬೆಲೆ ಅಚ್ಚಾಗಿರುತ್ತದೆ. ತಗಾದೆಯಲ್ಲಿರುವ, ಕೆಲವೊಮ್ಮೆ ಒಳಗೆ ಜನರೂ ಇರುವ ಆಸ್ತಿಗೆ ಕೇಳುವ ಬೆಲೆಗಿಂತ ದಾಖಲೆ ಸರಿಯಾಗಿರುವ ಖಾಲಿ ಮನೆಗೆ ಹೆಚ್ಚೇ ಸಿಗಬೇಕು. ಮೇಲಿನ ಅಂಚಿಗೆ ಬಿಡಿಎ ಮೂಲೆ ನಿವೇಶನಗಳ ಇ-ಹರಾಜಿನ ಫಲಿತಾಂಶಗಳು ಉಪಯೋಗಕ್ಕೆ ಬಂದವು. ಅಲ್ಲಿ ನಗದು ವ್ಯವಹಾರಕ್ಕೆ ಎಡೆಯಿಲ್ಲ, ಹಕ್ಕಿನ ಬಗ್ಗೆ ಸಂಶಯವಿಲ್ಲ. ಆದರೆ ಮೂಲೆ ನಿವೇಶನಕ್ಕೆ ಬರುವ ಬೆಲೆ ನಡುವಿನ ನಿವೇಶನಕ್ಕೆ ಬರುವುದಿಲ್ಲ, ಮತ್ತು ಹರಾಜಿನ ಬಿಸಿಯಲ್ಲಿ ಕೂಗಿದ ಮೊತ್ತದಲ್ಲಿ ಒಂದಷ್ಟು ಹಟವೂ ಸೇರಿರುತ್ತದೆ.

ಬಿಲ್ಡರ್‌ಗಳು ಹೇಳಿದ ಬೆಲೆಯನ್ನು ಅರ್ಥ ಮಾಡಿಕೊಳ್ಳಲು ಅವರ ಲೆಕ್ಕವನ್ನೇ ಹಿಂದಿನಿಂದ ಮುಂದಕ್ಕೆ ಹಾಕಬೇಕಾಯಿತು. 2015ರ ಮಹಾಯೋಜನೆಯ ವಲಯ ನಿಯಮಗಳಂತೆ 360 ಚದರ ಮೀಟರಿನೊಳಗಿನ, 12 ಮೀಟರಿನವರೆಗಿನ ರಸ್ತೆಯ ನಿವೇಶನದಲ್ಲಿ ಎಲ್ಲ ಮಹಡಿಗಳೂ ಸೇರಿ ಕಟ್ಟಬಹುದಾದದ್ದು ನಿವೇಶನದ ವಿಸ್ತೀರ್ಣದ 1.75 ಪಟ್ಟು. ನಮ್ಮ 2,400 ಚದರಡಿಗೆ ಅದು 4,200 ಚದರಡಿ. ಸುತ್ತಮುತ್ತ ಹೊಸ ಮಹಡಿ ಮನೆಗಳು ಮಾರಾಟವಾಗುತ್ತಿರುವ ದರದಿಂದ ಅದನ್ನು ಗುಣಿಸಿ, ಕಟ್ಟುವ ಖರ್ಚು, ಮಂಜೂರಾತಿಯ ಖರ್ಚು, ಎರಡು ವರ್ಷದ ಬಡ್ಡಿ, ಅವರ ಲಾಭ ಇವನ್ನು ಕಳೆದರೆ ಉಳಿಯುವುದೇ ನೆಲಕ್ಕೆ ಅವರು ಕೊಡಬಲ್ಲ ಮೊತ್ತ. ಒಬ್ಬ ಬಿಲ್ಡರ್ ಮಾತ್ರ ಈ ಲೆಕ್ಕಕ್ಕಿಂತ ಸಾಕಷ್ಟು ಹೆಚ್ಚು ಹೇಳಿದರು. ಮಂಜೂರಾದ ನಕ್ಷೆಯ ಮೇಲೆ ಇನ್ನೊಂದು ಮಹಡಿ ಏರಿಸದೆ ಆ ಬೆಲೆ ಗಿಟ್ಟುವಂತಿರಲಿಲ್ಲ. ಮಂಜೂರಾದ ನಕ್ಷೆಯಂತೆ ಕಟ್ಟಿದ್ದಕ್ಕೆ ಸಿಗುವ ಸ್ವಾಧೀನಾನುಭವ ಪತ್ರ ತೋರಿಸದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಅಂಥ ಬೆಲೆ ಒಪ್ಪಂದದ ದಿನದವರೆಗೆ ಉಳಿಯುವುದು ಕಷ್ಟ ಎಂದು ನನಗನ್ನಿಸಿತು. ಕೆಲವು ವಾರಗಳಲ್ಲಿ ಅವರೇ ಹಿಂದೆ ಸರಿದರು.

ಜಾಹೀರಾತು ತಾಣಗಳನ್ನು ಬೆಲೆಗಾಗಿ ನೋಡುವುದು ವ್ಯರ್ಥವಾದರೂ ಅವಧಿಗಾಗಿ ನೋಡುವುದು ವ್ಯರ್ಥವಲ್ಲ. ಒಂದೇ ಮನೆಯನ್ನು ಮೂರು ಬ್ರೋಕರ್‌ಗಳು ಮೂರು ಬೆಲೆಗೆ ಹಾಕಿರುತ್ತಾರೆ. ಅದೇ ಜಾಹೀರಾತು ತಿಂಗಳುಗಟ್ಟಲೆ ಅಲ್ಲೇ ಇದ್ದರೆ ಆ ಬೆಲೆಗೆ ಕೊಳ್ಳುವವರಿಲ್ಲ ಎಂದಷ್ಟೇ ತಿಳಿಯುತ್ತದೆ, ಮತ್ತು ಅಷ್ಟು ತಿಳಿಯುವುದೂ ಲಾಭವೇ.

ಹೀಗೆ ದೊರೆತ ದರದ ವ್ಯಾಪ್ತಿಯನ್ನು ನಮ್ಮ ನಿವೇಶನಕ್ಕೆ ಹೊಂದಿಸುವಲ್ಲಿ ಮನಸ್ಸಿನ ಲೆಕ್ಕವೂ ಸೇರಿತು. ಮೂವತ್ತು ಅಡಿ ರಸ್ತೆಗೂ ನಲವತ್ತು ಅಡಿ ರಸ್ತೆಗೂ ಇರುವ ವ್ಯತ್ಯಾಸ ಪಟ್ಟಿಯಲ್ಲೇ ಸ್ಪಷ್ಟವಾಗಿತ್ತು. ಪೂರ್ವಕ್ಕೆ ಮುಖವಿದ್ದ ನಿವೇಶನಗಳು ಬೇಗ ಮಾರಾಟವಾಗಿದ್ದವು. ವಾಸ್ತುವಿನಲ್ಲಿ ನನಗೆ ನಂಬಿಕೆಯಿಲ್ಲದಿದ್ದರೂ ಕೊಳ್ಳುವವರಿಗೆ ಇದೆ, ಆದ್ದರಿಂದ ಪಶ್ಚಿಮಕ್ಕೆ ಮುಖವಿದ್ದ ನಮ್ಮ ಮನೆಗೆ ಸ್ವಲ್ಪ ಕಡಿತ ಮಾಡಿಕೊಂಡೆ. ಮೆಟ್ರೋ ವಿಷಯದಲ್ಲಿ ಬ್ರೋಕರ್ ಜೊತೆ ಭಿನ್ನಾಭಿಪ್ರಾಯ ಬಂತು. ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದು ಆರ್.ವಿ. ರಸ್ತೆ ನಿಲ್ದಾಣ ಜಂಕ್ಷನ್ ಆಗುವುದರಿಂದ ಬೆಲೆಯನ್ನು ಏರಿಸಿ ಎಂಬುದು ಅವರ ವಾದ. ಹಸಿರು ಮಾರ್ಗ ಈ ಭಾಗಕ್ಕೆ ಬಂದದ್ದೇ 2017ರ ಜೂನ್‌ನಲ್ಲಿ, ಈಚಿನ ಕ್ರಯಗಳಲ್ಲಿ ನಿಲ್ದಾಣದ ಬೆಲೆ ಆಗಲೇ ಸೇರಿಹೋಗಿದೆ, ಅದನ್ನು ಎರಡನೇ ಸಲ ಕೂಡಿಸುವಂತಿಲ್ಲ ಎಂಬುದು ನನ್ನ ನಿಲುವು. ಒಟ್ಟು ಮೊತ್ತವನ್ನು ಇಲ್ಲಿ ಬರೆಯಲಾರೆ, ಅದು ಮೂವರ ಹಣ. ನಂಬಲರ್ಹ ವ್ಯವಹಾರಗಳ ನಡುವಣ ದರಕ್ಕಿಂತ ಶೇ. 5ರಷ್ಟು ಮೇಲೆ ಕೇಳಿ, ಆ ದರಕ್ಕಿಂತ ಕೆಳಗೆ ಇಳಿಯಬಾರದೆಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು ಎಂದಷ್ಟೇ ಹೇಳುತ್ತೇನೆ.

ಪೂರ್ತಿ ಹಣ ಬ್ಯಾಂಕಿನ ಮೂಲಕವೇ ಎಂಬ ಷರತ್ತಿಗೆ ಹಲವರು ಮುಖ ಸಿಂಡರಿಸಿದರು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದಕ್ಕಿಂತ ಮುಖ್ಯವಾಗಿ, ಸಾಲ ತೆಗೆದು ಕೊಳ್ಳುವ ಕುಟುಂಬವೇ ನಮಗೆ ಬೇಕಿತ್ತು, ಮತ್ತು ಅಂಥವರು ಬರುವುದು ಕಾಗದಪತ್ರ ಸಿದ್ಧವಿರುವ ಮನೆಗೆ. ಆದ್ದರಿಂದ ಮಾರಾಟದ ಸುದ್ದಿಯನ್ನು ಹೊರಗೆ ಬಿಡುವ ಮೊದಲೇ ಪೌತಿ ಖಾತಾ ಮಾಡಿಸಿ, 2024ರ ಅಕ್ಟೋಬರ್‌ನಿಂದ ನಗರದಲ್ಲಿ ನೋಂದಣಿಗೆ ಕಡ್ಡಾಯವಾಗಿರುವ ಇ-ಖಾತಾವನ್ನು ಮೂವರ ಹೆಸರಿನಲ್ಲಿ ಪಡೆದಿದ್ದೆವು.

ಕೊನೆಗೆ ಬಂದ ಕುಟುಂಬ ಪಕ್ಕದ ಬ್ಲಾಕಿನಲ್ಲೇ ಬಾಡಿಗೆಗೆ ಇದ್ದವರು. ನನ್ನ ಪಟ್ಟಿಯನ್ನು ಅವರ ಮುಂದಿಟ್ಟು, ಯಾವ ಸಾಲನ್ನು ಏಕೆ ಬಿಟ್ಟಿದ್ದೇನೆ ಎಂದು ವಿವರಿಸಿದೆ. ಅವರು ಎರಡು ಸಾಲುಗಳನ್ನು ಪ್ರಶ್ನಿಸಿದರು, ಅದರಲ್ಲಿ ಒಂದರ ಅಳತೆ ಅವರು ಹೇಳಿದ್ದೇ ಸರಿಯಿತ್ತು. ಒಪ್ಪಂದ ಪತ್ರವಾಗಿ ಅವರ ಸಾಲದ ಮಂಜೂರಾತಿಗೆ ಕಾಯುತ್ತಿದ್ದಾಗ, ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6 ಇದ್ದದ್ದರಿಂದ ಅವರ ಒಟ್ಟು ಹೊರೆ ಶೇ. 6.6ರಿಂದ 7.6ಕ್ಕೆ ಹೋಯಿತು. ಬೆಲೆಯಲ್ಲಿ ಆ ಶೇ. 1ನ್ನು ಇಳಿಸಬೇಕೆಂದು ಅವರು ಕೇಳಿದರು. ಇಳಿಸಿದರೂ ನಮ್ಮ ಕನಿಷ್ಠ ಮಿತಿಗಿಂತ ಮೇಲೆಯೇ ಇದ್ದುದರಿಂದ ಅರ್ಧವನ್ನು ನಾವು ಹೊತ್ತೆವು.

ಮಾರಾಟದ ಲಾಭಕ್ಕೆ ತೆರಿಗೆ ಕಟ್ಟುವ ಹೊತ್ತಿಗೆ ಮತ್ತೆ ಅದೇ ಬಗೆಯ ದಾಖಲೆಗಳೇ ಬೇಕಾದವು, ಆದರೆ ಈ ಸಲ ಕಾಲು ಶತಮಾನ ಹಿಂದಿನವು. ಹಳೆಯ ಆಸ್ತಿಯಾದರೆ 2001ರ ಏಪ್ರಿಲ್ 1ರ ಮೌಲ್ಯವನ್ನು ಅಸಲು ಎಂದು ಹಿಡಿಯಬಹುದು, ಆದರೆ ಅದು ಅಂದಿನ ಮುದ್ರಾಂಕ ಮೌಲ್ಯವನ್ನು ಮೀರುವಂತಿಲ್ಲ. ಅಂದಿನ ದರದ ದೃಢೀಕೃತ ಪ್ರತಿಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆದು ನೋಂದಾಯಿತ ಮೌಲ್ಯಮಾಪಕರ ವರದಿ ಮಾಡಿಸಿದೆವು. 2024ರ ಜುಲೈ 23ಕ್ಕೆ ಮೊದಲು ಕೈಗೆ ಬಂದ ಆಸ್ತಿಗೆ ಸೂಚ್ಯಂಕವಿಲ್ಲದೆ (ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಅಸಲನ್ನು ಹೆಚ್ಚಿಸದೆ) ಶೇ. 12.5 ಅಥವಾ ಸೂಚ್ಯಂಕದೊಂದಿಗೆ ಶೇ. 20, ಎರಡರಲ್ಲಿ ಕಡಿಮೆಯಾದದ್ದನ್ನು ಕಟ್ಟುವ ಅವಕಾಶ ಇಲ್ಲಿಯೇ ನೆಲೆಸಿರುವ ನನಗೂ ತಂಗಿಗೂ ಇತ್ತು. 2025-26ರ ಸೂಚ್ಯಂಕ 376 ಆದ್ದರಿಂದ 2001ರ ಪ್ರತಿ ಲಕ್ಷವೂ 3.76 ಲಕ್ಷವಾಗುತ್ತದೆ, ಎರಡೂ ಬಗೆಯಲ್ಲಿ ಲೆಕ್ಕ ಹಾಕಿ ನೋಡಿಯೇ ಆರಿಸಿಕೊಳ್ಳಬೇಕು. ಅಮೆರಿಕದಲ್ಲಿರುವ ಅಣ್ಣನಿಗೆ ಆ ಆಯ್ಕೆಯಿಲ್ಲ. ನಮ್ಮಿಬ್ಬರ ಪಾಲಿನಿಂದ ಕೊಂಡವರು ಮುರಿದುಕೊಂಡದ್ದು ಶೇ. 1 ಮಾತ್ರ. ಅನಿವಾಸಿಯಾದ ಅವನ ಪಾಲಿನಲ್ಲಿ ಇಡೀ ಮೊತ್ತದ ಮೇಲೆ ಬಂಡವಾಳ ಲಾಭದ ದರದಲ್ಲೇ ಕಡಿತವಾಗದಿರಲಿ ಎಂದು ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಮುಂಚಿತವಾಗಿ ಅರ್ಜಿ ಹಾಕಿಸಿದ್ದೆವು, ಮತ್ತು ಆ ಅರ್ಜಿಗೂ ಲಗತ್ತಿಸಿದ್ದು ಇದೇ ಮೌಲ್ಯಮಾಪನ ವರದಿಯನ್ನು.